ಶಾಲನಬಾಯಿ ತಿದ್ದಹೊರಟ ಒಂದು ಸಾಲು

ಶಾಲನ ಪದ್ಮಕುಮಾರ ಖೋತ, ವಯಸ್ಸು ಐವತ್ತೊಂಬತ್ತು, ವಾಸ ಇಚಲಕರಂಜಿಯ ಶಹಾಪುರ. ಗಡಹಿಂಗ್ಲಜದ ಜೈನ ಕಿರಾಣಿ ವ್ಯಾಪಾರಿಯೊಬ್ಬರ ನಾಲ್ಕನೆಯ ಮಗಳು. ಪತಿ ಪದ್ಮಕುಮಾರ ಯಂತ್ರಮಗ್ಗಗಳ ಶೆಡ್ಡಿನಲ್ಲಿ ಜಾಬರ್, ಅಂದರೆ ಕೆಟ್ಟು ನಿಂತ ಮಗ್ಗವನ್ನು ಮತ್ತೆ ನಡೆಸುವವರು. ಮೂವತ್ತೈದು ವರ್ಷ ಆ ಸದ್ದಿನ ನಡುವೆ ನಿಂತು ಎರಡೂ ಕಿವಿ ಮಂದ ಮಾಡಿಕೊಂಡವರು. ಒಬ್ಬಳೇ ಮಗಳು ವೃಷಾಲಿ, ಮಿರಜದ ಆಸ್ಪತ್ರೆಯೊಂದರಲ್ಲಿ ದಾದಿ.

ಶಾಲನಬಾಯಿ ಗೋಕುಳ ಶಿರಗಾಂವದ ಒಂದು ಎರಕದ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಶೀಘ್ರಲಿಪಿಗಾರ್ತಿಯಾಗಿ ದುಡಿದರು. ಆ ಕಾರ್ಖಾನೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತನ್ನ ಹೆಸರು ಎಲ್ಲೆಡೆ ಕಾಣಿಸಿಕೊಳ್ಳಲೆಂದು ಅದು ಬೇಕಾದಷ್ಟು ಖರ್ಚು ಮಾಡಿದೆ. ಇಲ್ಲಿ ಅದಕ್ಕೆ ಪುಕ್ಕಟೆ ಸಿಗಬೇಕಾಗಿಲ್ಲ.

ಮುಂಜಾನೆ ಏಳರ ಬಸ್ಸು, ಸಂಜೆ ಐದರ ಬಸ್ಸು. ಸೂರ್ಯ ಮುಳುಗಿದ ಮೇಲೆ ಆಕೆ ಅನ್ನ ಮುಟ್ಟುತ್ತಿರಲಿಲ್ಲವಾದ್ದರಿಂದ ಡಬ್ಬಿಯ ಎರಡನೆಯ ಪಾಲನ್ನು ಬಸ್ಸಿನಲ್ಲಿಯೇ ಉಂಡು ಮುಗಿಸುತ್ತಿದ್ದರು. ಬಳಿಕ ಶಹಾಪುರದ ಸಮಾಜ ಮಂದಿರದಲ್ಲಿ ಮಗ್ಗದ ಕೆಲಸದ ಹೆಂಗಸರಿಗೆ ಓದು, ಬರಹ, ಟೈಪಿಂಗ್ ಕಲಿಸುತ್ತಿದ್ದರು. ಅಲ್ಲಿ ಕಲಿತವರಲ್ಲಿ ನಾನೂ ಒಬ್ಬಳು. ಆಕೆ ಹೊಗಳಿದ್ದನ್ನು ನಾನು ಕೇಳಿಲ್ಲ. ತಪ್ಪಿಲ್ಲದ ಹಾಳೆಯನ್ನು ಕೈಗೆ ಕೊಟ್ಟರೆ, “ಹೂಂ, ಇದು ಬರಹ” ಎನ್ನುತ್ತಿದ್ದರು. ಅದೇ ಬಹುಮಾನ.

ಆಕೆಯ ಬದುಕನ್ನು ಹಿಡಿದು ಅಲುಗಿಸಿದ್ದು ಒಂದೇ ಒಂದು ಹಾಳೆ. ಅದನ್ನು ಆಕೆ ಟೈಪು ಮಾಡಿದ್ದು ೨೦೧೧ರ ಆಷಾಢದಲ್ಲಿ.

ಆ ವರ್ಷ ಕಾರ್ಖಾನೆಯ ಚಾವಣಿ ಸೋರುತ್ತಿತ್ತು. ಭಟ್ಟಿಯ ಮುಂದಿನ ನೆಲ ಹಸಿಯಾಗಿದೆ ಎಂದು ಕೆಲಸಗಾರರು ಎರಡು ಸಲ ಹೇಳಿದ್ದರು. ಹಸಿ ನೆಲಕ್ಕೆ ಕರಗಿದ ಕಬ್ಬಿಣ ಬಿದ್ದರೆ ಅಡಿಯ ನೀರು ಒಮ್ಮೆಲೇ ಉಗಿಯಾಗಿ ಲೋಹವನ್ನು ಸಿಡಿಸುತ್ತದೆ; ಇದನ್ನು ತಿಳಿಯಲು ಶಾಲೆ ಬೇಕಿಲ್ಲ. ಒಂದು ಮುಂಜಾನೆ ಹಾಗೆಯೇ ಆಯಿತು. ಮೂವರು ಸತ್ತರು. ಇಬ್ಬರು ಕಾಯಂ ನೌಕರರು. ಮೂರನೆಯವನು ಸುಳಕೂಡದ ಕುರಿಗಾರ ಮನೆತನದ ದತ್ತಾ ಕಾಡಸಿದ್ದ ಪೂಜಾರಿ, ಇಪ್ಪತ್ತೆರಡು ವರ್ಷದವನು. ಆಳು ಒದಗಿಸುವ ಠೇಕೇದಾರನ ಕೈಕೆಳಗೆ ಬಂದು ಮೂರು ವಾರವಾಗಿತ್ತು. ಮಸ್ಟರಿನಲ್ಲಿ, ಅಂದರೆ ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ, ಅವನ ಹೆಸರಿರಲಿಲ್ಲ.

ಆಗಿನ ಮಾಲೀಕರು ಬಾಬಾಸಾಹೇಬರು. ಅವರು ಶಾಲನಬಾಯಿಯನ್ನು ಕರೆದು ಪತ್ರಿಕೆಗೆ ಕಳಿಸಬೇಕಾದ ಟಿಪ್ಪಣಿಯನ್ನು ಹೇಳತೊಡಗಿದರು. ಮೊದಲ ಸಾಲಿನಲ್ಲಿ ಮೂವರು ಎಂದೇ ಹೇಳಿದರು. ಆಕೆ ೩ ಎಂದು ಬರೆದುಕೊಂಡರು. ಆಗ ಠೇಕೇದಾರನ ಫೋನು ಬಂತು. ಮಾತು ಮುಗಿಸಿ ಬಾಬಾಸಾಹೇಬರು ಹೇಳಿದರು:

“ಮೂರು ಹೊಡದು ಹಾಕು. ಎರಡು ಮಾಡು.”

“ಮತ್ತ ಆ ಸುಳಕೂಡ ಹುಡುಗ, ಸಾಹೇಬ್ರ?”

“ಮಸ್ಟರದಾಗ ಅವನ ಹೆಸರ ಐತೇನು?”

“ಇಲ್ರಿ.”

“ಮಸ್ಟರದಾಗ ಇಲ್ಲದಾಂವ ಕಾರಖಾನ್ಯಾಗ ಹೆಂಗ ಸಾಯ್ತಾನ? ಟೈಪ್ ಮಾಡು.”

ಆಕೆ ಟೈಪು ಮಾಡಿದರು. ಟಿಪ್ಪಣಿ ಮರುದಿನ ಕೊಲ್ಹಾಪುರದ ಮರಾಠಿ ಪತ್ರಿಕೆಯೊಂದರಲ್ಲಿ ಅಕ್ಷರಕ್ಕೆ ಅಕ್ಷರ ಅಚ್ಚಾಯಿತು. ಕಾಗುಣಿತದ ಒಂದು ತಪ್ಪೂ ಇರಲಿಲ್ಲ. ಅಷ್ಟರಲ್ಲಿ ದತ್ತಾನ ದೇಹ ಆಸ್ಪತ್ರೆಗೂ ಹೋಗದೆ, ಪೊಲೀಸರ ಕಣ್ಣಿಗೂ ಬೀಳದೆ, ಠೇಕೇದಾರನ ಟೆಂಪೊದಲ್ಲಿ ಸುಳಕೂಡಕ್ಕೆ ಹೋಗಿ ಮಣ್ಣಾಗಿತ್ತು. ಕುಡಿದು ಟೆಂಪೊದಿಂದ ಬಿದ್ದ ಎಂದು ಠೇಕೇದಾರ ಊರಲ್ಲಿ ಹೇಳಿದ. ಊರಿನ ಹತ್ತು ಮಂದಿ ಅವನ ಕೈಕೆಳಗೇ ದುಡಿಯುತ್ತಿದ್ದರು. ಊರು ನಂಬಿತು; ನಂಬುವುದು ಸುಲಭವಾಗಿತ್ತು.

ಹನ್ನೊಂದು ವರ್ಷ ಕಳೆದವು. ಬಾಬಾಸಾಹೇಬರು ತೀರಿಕೊಂಡರು, ಮಗ ಅತುಲ ಗಾದಿಗೆ ಬಂದರು. ಹೊರದೇಶದ ಗಿರಾಕಿಗಳು ಬರತೊಡಗಿದರು. ಅವರು ಮೊದಲು ತೆರೆಯುವುದು ಕಾರ್ಖಾನೆಯ ಬಾಗಿಲನ್ನಲ್ಲ, ಅಂತರ್ಜಾಲದ ವಿಶ್ವಕೋಶವನ್ನು. ಯಾರು ಬೇಕಾದರೂ ಬರೆಯಬಹುದಾದ, ಯಾರ ಒಡೆತನಕ್ಕೂ ಸೇರದ ಆ ವಿಶ್ವಕೋಶದಲ್ಲಿ ಕಾರ್ಖಾನೆಯದೂ ಒಂದು ಪುಟವಿತ್ತು. ಅದರ ಕೊನೆಗೆ ಯಾರೋ ಒಂದು ಸಾಲು ಸೇರಿಸಿದ್ದರು: ೨೦೧೧ರ ಭಟ್ಟಿ ಅವಘಡದಲ್ಲಿ ಇಬ್ಬರು ಕಾರ್ಮಿಕರು ಮೃತಪಟ್ಟರು. ಆಧಾರವಾಗಿ ಆ ಮರಾಠಿ ಪತ್ರಿಕೆಯ ವರದಿಯನ್ನು ತೋರಿಸಿದ್ದರು.

ಅತುಲ ಆ ಸಾಲನ್ನು ತೆಗೆಸಲು ಪುಣೆಯ ಒಂದು ಸಂಸ್ಥೆಯನ್ನು ಹಿಡಿದರು. ಆ ಸಂಸ್ಥೆಯವರು ಬೇರೆ ಬೇರೆ ಸುಳ್ಳು ಹೆಸರಿನಲ್ಲಿ ಬಂದು ಸಾಲನ್ನು ಮೂರು ಸಲ ಅಳಿಸಿ, ಮೂರು ಸಲವೂ ಸಿಕ್ಕಿಬಿದ್ದು, ವಿಶ್ವಕೋಶದಿಂದ ಬಹಿಷ್ಕೃತರಾದರು. ಆಗ ಅತುಲ ಶಾಲನಬಾಯಿಯ ಮೇಜಿನ ಹತ್ತಿರ ಬಂದರು. ಅವರು ಆಕೆಯನ್ನು ಕರೆಯುತ್ತಿದ್ದದ್ದು ಕಾಕು, ಅಂದರೆ ಚಿಕ್ಕಮ್ಮ, ಎಂದು.

“ಕಾಕು, ಪುಣೆದವರು ನಮ್ಮ ಮಾರಿಗೆ ಮಸಿ ಬಳದು ಹ್ವಾದ್ರು. ನಿಮ್ಮ ಇಂಗ್ಲಿಷ್ ಸ್ವಚ್ಛ ಐತಿ, ನೀವ ನೋಡ್ರಿ.”

ಆಕೆ ಎರಡು ದಿನ ನಿಯಮಗಳನ್ನು ಓದಿ ಬಂದು ಹೇಳಿದರು: “ಅತುಲಶೇಟ, ಪಗಾರ ತಗೊಳ್ಳಾವ್ರು ತಾವ ತಿದ್ದುಹಂಗಿಲ್ಲ. ನಾ ಯಾರು, ಯಾರ ಪಗಾರ ತಿಂತೇನಿ ಅಂತ ಮೊದಲ ಹೇಳಬೇಕು. ಆಮ್ಯಾಲ ಚರ್ಚಾದ ಪುಟದಾಗ ವಿನಂತಿ ಹಾಕಿ ಕಾಯಬೇಕು.”

“ಯಾರಿಗಿ ವಿನಂತಿ? ಆ ಪುಟದ ಮಾಲಕ ಯಾರು?”

“ಯಾರೂ ಇಲ್ರಿ. ಸ್ವಯಂಸೇವಕರು ಇರತಾರ.”

“ಮಾಲಕನ ಇಲ್ಲದ ಜಾಗಾಕ್ಕ ಅರ್ಜಿ ಹಾಕೂದಾ? ಗ್ರಾಮಪಂಚಾಯತಿಗಿಂತ ಕಡೀ ಆತಲ್ಲ ಕಾಕು!”

ಆದರೆ ಶಾಲನಬಾಯಿಗೆ ಆ ನಿಯಮ ಹಿಡಿಸಿತು. ಏನನ್ನಾದರೂ ಕೇಳುವ ಮುನ್ನ ತಾನು ಯಾರ ಋಣದಲ್ಲಿದ್ದೇನೆಂದು ಹೇಳಿಕೊಳ್ಳುವುದು ನ್ಯಾಯವೆಂದು ಆಕೆಗೆ ತೋರಿತು. ಆಕೆ ಬರೆದದ್ದು ಹೀಗೆ: ‘ನಾನು ಶಾಲನ ಪದ್ಮಕುಮಾರ ಖೋತ. ಈ ಕಾರ್ಖಾನೆಯ ಪಗಾರಿನ ನೌಕರಳು. ಇಲ್ಲಿ ನಾನು ಕೇಳುವುದೆಲ್ಲವೂ ಮಾಲೀಕರ ಪರವಾಗಿ ಕೇಳುವುದು.’ ಮನೆಯಲ್ಲಿ ಇದನ್ನು ಗಂಡನಿಗೆ ತೋರಿಸಿದಾಗ ಅವರು ಮಗ್ಗದ ಶೆಡ್ಡಿನಲ್ಲಿ ಮಾತಾಡುವ ದನಿಯಲ್ಲಿಯೇ, ಓಣಿಗೆಲ್ಲ ಕೇಳುವಂತೆ, ನಕ್ಕರು: “ಮಂದಿ ಲಗ್ನ ಮಾಡೂಮುಂದನೂ ಇಷ್ಟ ಖರೇ ಹೇಳೂದಿಲ್ಲಲೇ!”

ಒಂದು ವರ್ಷ ಎಲ್ಲವೂ ಸುಸೂತ್ರವಾಗಿ ನಡೆಯಿತು. ಸ್ಥಾಪನೆಯ ವರ್ಷ ತಪ್ಪಿದೆ ಎಂದು ಆಕೆ ದಾಖಲೆ ಸಮೇತ ವಿನಂತಿಸಿದರು, ಸ್ವಯಂಸೇವಕನೊಬ್ಬ ತಿದ್ದಿದ. ಭಟ್ಟಿಗಳ ಸಂಖ್ಯೆ ಹಳೆಯದು ಎಂದರು, ತಿದ್ದಿದ. ಆತ ಯಾರು, ಯಾವ ಊರಿನವನು ಎಂದು ಆಕೆಗೆ ಕೊನೆಯವರೆಗೂ ತಿಳಿಯಲಿಲ್ಲ. ಪ್ರತಿ ಉತ್ತರದ ಕೊನೆಗೆ ವಂದನೆ ಹೇಳುತ್ತಿದ್ದ, ನಿಯಮದ ಒಂದು ಕೂದಲೆಳೆಯನ್ನೂ ದಾಟುತ್ತಿರಲಿಲ್ಲ. ಅಂಥವನ ಮೇಲೆ ಆಕೆಗೆ ಗೌರವ ಮೂಡಿತು; ತಾನೂ ಅಂಥವಳೇ ಎಂದು ಆಕೆ ನಂಬಿದ್ದರು.

೨೦೨೩ರ ಬೇಸಿಗೆಯಲ್ಲಿ ಅತುಲ ಅವಘಡದ ಸಾಲನ್ನೇ ತೆಗೆಸಲು ಹೇಳಿದರು. ಪತ್ರಿಕೆಯ ಆ ವರದಿಯ ಅಂತರ್ಜಾಲ ಕೊಂಡಿ ಈಗ ತೆರೆಯುವುದಿಲ್ಲ ಎಂಬ ಕಾರಣವನ್ನಿಟ್ಟು ಆಕೆ ವಿನಂತಿ ಸಲ್ಲಿಸಿದರು. ಕೊಂಡಿ ಸತ್ತರೂ ವರದಿ ಸತ್ತಂತಲ್ಲ, ಪತ್ರಿಕೆ ಅಚ್ಚಾದದ್ದು ನಿಜವಷ್ಟೆ ಎಂದು ಸ್ವಯಂಸೇವಕ ಒಪ್ಪಲಿಲ್ಲ. ಆ ವಿನಂತಿಯ ಕೆಳಗೆ ನಾಲ್ಕು ದಿನದ ಬಳಿಕ ಬೇರೆ ಯಾರೋ ತಪ್ಪು ತಪ್ಪು ಇಂಗ್ಲಿಷಿನಲ್ಲಿ ಬರೆದರು: ‘ಇಬ್ಬರಲ್ಲ, ಮೂವರು. ಮೂರನೆಯವನು ನನ್ನ ಅಣ್ಣ ದತ್ತಾ ಕಾಡಸಿದ್ದ ಪೂಜಾರಿ. ದಯವಿಟ್ಟು ಬರೆಯಿರಿ. ಸ್ನೇಹಲ, ಗಡಹಿಂಗ್ಲಜ.’

ಅಣ್ಣ ಸತ್ತಾಗ ಸ್ನೇಹಲಳಿಗೆ ಹನ್ನೆರಡು. ಈಗ ಅವಳು ಗಡಹಿಂಗ್ಲಜದಲ್ಲಿ ಸರಕಾರಿ ಅರ್ಜಿಗಳನ್ನು ತುಂಬಿಕೊಡುವ ಒಂದು ಸೇವಾಕೇಂದ್ರದಲ್ಲಿ ಕಂಪ್ಯೂಟರ್ ಮುಂದೆ ಕೂಡುವವಳು. ಅಲ್ಲಿಯೇ ಆ ಪುಟ ಅವಳ ಕಣ್ಣಿಗೆ ಬಿದ್ದಿತ್ತು.

“ಇದೇನ ಹೊಸಾ ಭಾನಗಡಿ?” ಎಂದರು ಅತುಲ. “ಮೂರು ಅಂತ ಎಲ್ಲೆ ಐತಿ ಅಂತ ಕೇಳ್ರಿ ಕಾಕು. ಆಧಾರ ಇಲ್ಲ ಅಂತ ಹಾಕ್ರಿ.”

ಶಾಲನಬಾಯಿ ಹಾಕಿದರು: ‘ಈ ಹೇಳಿಕೆಗೆ ಪ್ರಕಟಿತ ಆಧಾರವಿಲ್ಲ. ಪ್ರಕಟವಾದ ವರದಿಯಲ್ಲಿ ಇಬ್ಬರೆಂದೇ ಇದೆ.’ ಅದರಲ್ಲಿ ಒಂದು ಪದವೂ ಸುಳ್ಳಲ್ಲ. ಆ ವರದಿ ಯಾರ ಕೈಯಿಂದ ಹೊರಟದ್ದು ಎಂಬುದನ್ನು ಮಾತ್ರ ಆಕೆ ಬರೆಯಲಿಲ್ಲ. ಸ್ವಯಂಸೇವಕ ಆಕೆಯ ಮಾತನ್ನು ಎತ್ತಿಹಿಡಿದು ಸ್ನೇಹಲಳ ವಿನಂತಿಯನ್ನು ತಳ್ಳಿಹಾಕಿದ. ಸ್ನೇಹಲ ಮತ್ತೊಂದೇ ಸಾಲು ಬರೆದು ಸುಮ್ಮನಾದಳು: ‘ನಮ್ಮವ್ವ ಸುಳಕೂಡದಲ್ಲಿದ್ದಾಳೆ. ಬಂದು ಕೇಳಿರಿ.’

ಭಾದ್ರಪದದಲ್ಲಿ ದಶಲಕ್ಷಣ ಪರ್ವ ಬಂತು. ಹತ್ತು ದಿನದ ಆ ವ್ರತ ಮುಗಿದ ಮೇಲೆ ಜೈನರು ಒಬ್ಬರಿಗೊಬ್ಬರು ಕ್ಷಮೆ ಬೇಡುತ್ತಾರೆ. ತಿಳಿದೋ ತಿಳಿಯದೆಯೋ ನನ್ನಿಂದ ತಪ್ಪಾಗಿದ್ದರೆ ಕ್ಷಮಿಸಿ ಎಂದು ಕೈ ಮುಗಿಯುವುದು. ಎದುರಿನವರೂ ಹಾಗೆಯೇ ಮುಗಿಯುವುದು. ಯಾವ ತಪ್ಪು ಎಂದು ಯಾರೂ ಕೇಳುವುದಿಲ್ಲ. ಕೇಳದಿರುವುದೇ ಪದ್ಧತಿ. ಶಾಲನಬಾಯಿ ಪ್ರತಿ ವರ್ಷ ಓಣಿಯ ಹನ್ನೆರಡು ಮನೆಗೆ ಹೋಗುತ್ತಿದ್ದರು. ಆ ವರ್ಷ ಹನ್ನೆರಡೂ ಮನೆ ಮುಗಿಸಿ ಸುಳಕೂಡದ ಬಸ್ಸು ಹತ್ತಿದರು.

ದತ್ತಾನ ತಾಯಿ ಹಣಮವ್ವ ಮನೆಯ ಮುಂದೆ ಕುರಿಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದರು. ಗಂಡ ಕಾಡಸಿದ್ದ ತೀರಿಹೋಗಿ ಆರು ವರ್ಷವಾಗಿತ್ತು. ಶಾಲನಬಾಯಿ ಕೈ ಮುಗಿದು ನಿಂತರು.

“ನಾ ಗೋಕುಳ ಶಿರಗಾಂವ ಕಾರಖಾನ್ಯಾಗ ಇರಾಕೀರಿ. ನಿಮ್ಮ ಕ್ಷಮಾ ಬೇಡಾಕ ಬಂದೇನಿ. ತಿಳದೋ ತಿಳೀದನೋ ನನ್ನಿಂದ ಏನರ ತಪ್ಪಾಗಿದ್ರ…”

“ಏನ ತಪ್ಪ?” ಎಂದರು ಹಣಮವ್ವ.

“ಹಂಗ ಅನ್ನೂದ್ರಿ ನಮ್ಮಾಗ. ವರ್ಷಕ್ಕೊಮ್ಮಿ.”

“ಹಂಗ ಅಂದ್ರ ಹೆಂಗವಾ? ನನ್ನ ಕುರಿ ನಿನ್ನ ಬೆಳಿ ಮೇಯ್ದ್ರ, ಯಾ ಹೊಲ, ಎಷ್ಟ ಸಾಲ ಅಂತ ನಾ ಬಂದು ಹೇಳಬೇಕೋ ಬ್ಯಾಡೋ? ಬರೇ ತಪ್ಪಾತು ಅಂದ್ರ ನಾ ಏನ ಬಿಡ್ಲಿ, ಏನ ಹಿಡೀಲಿ?”

ಮೂವತ್ತು ನಲವತ್ತು ವರ್ಷ ಕೈ ಮುಗಿದ ಶಾಲನಬಾಯಿಯನ್ನು ಆ ಪ್ರಶ್ನೆ ಯಾರೂ ಕೇಳಿರಲಿಲ್ಲ. ಆಕೆ ನಿಂತಲ್ಲಿಯೇ ಹೇಳಿದರು. ಹಸಿ ನೆಲ, ಬಾಬಾಸಾಹೇಬರು, ಮೂರು ಹೊಡೆದು ಎರಡು ಮಾಡಿದ್ದು, ಈಗ ಮಗಳ ವಿನಂತಿಗೆ ಅಡ್ಡ ಬರೆದದ್ದು, ಎಲ್ಲವನ್ನೂ.

ಹಣಮವ್ವ ಸೊಪ್ಪಿನ ಕಟ್ಟನ್ನು ಕೆಳಗಿಡಲಿಲ್ಲ. “ಅರಿವಿ ಬಿಚ್ಚಬ್ಯಾಡ್ರಿ ಅಂದಿದ್ರು. ಕಾಲ ಹೊರಗ ಇದ್ವು. ಟೆಂಪೊದಿಂದ ಬಿದ್ದಾಂವನ ಪಾದ ಯಾಕ ಸುಡತಾವ ಅಂತ ನಾ ಹನ್ನೆರಡ ವರ್ಷ ಕೇಳೇನಿ. ನಮ್ಮ ಮನ್ಯಾವ್ರು ಸುಮ್ಮಕಿರು ಅಂದ್ರು. ಈಗೂ ಮಂದಿ ನನಗ ಕುಡುಕನ ಅವ್ವ ಅಂತಾರ. ನನ್ನ ಮಗ ಚಾ ಬಿಟ್ಟ ಬ್ಯಾರೆ ಕುಡದಾಂವಲ್ಲ.”

“ನನಗ ಕ್ಷಮಾ…”

“ಕ್ಷಮಾ ನಾ ಏನ ಕೊಡ್ಲೆವ್ವಾ? ಬರದಾಕಿ ನೀನ. ನೀನ ತಿದ್ದು.”

ಅಂದಿನಿಂದ ಶಾಲನಬಾಯಿಗೆ ಒಂದೇ ಕೆಲಸ ಉಳಿಯಿತು: ಆ ಸಾಲಿನ ಇಬ್ಬರನ್ನು ಮೂವರು ಮಾಡಿ, ಕುಡಿದು ಸತ್ತವನೆಂದು ಹನ್ನೆರಡು ವರ್ಷ ಕರೆಸಿಕೊಂಡವನನ್ನು ದುಡಿಯುತ್ತ ಸತ್ತವನೆಂದು ಬರೆಸುವುದು.

ಮೊದಲು ಆಕೆ ತನ್ನ ಹೆಸರಿನಲ್ಲಿಯೇ ಚರ್ಚೆಯ ಪುಟದಲ್ಲಿ ಬರೆದರು: ‘ಪತ್ರಿಕೆಯ ಆ ವರದಿ ಕಾರ್ಖಾನೆ ಕಳಿಸಿದ ಟಿಪ್ಪಣಿ. ಅದನ್ನು ಟೈಪು ಮಾಡಿದವಳು ನಾನು. ಸತ್ತವರು ಮೂವರು. ನನ್ನ ಶೀಘ್ರಲಿಪಿಯ ಪುಸ್ತಕದಲ್ಲಿ ಹೊಡೆದುಹಾಕಿದ ಅಂಕಿ ಈಗಲೂ ಇದೆ. ಈ ವಿನಂತಿ ಮಾಲೀಕರದಲ್ಲ, ನನ್ನದು.’ ಪುಸ್ತಕದ ಆ ಹಾಳೆಯ ಚಿತ್ರವನ್ನೂ ಜೋಡಿಸಿದರು.

ಸ್ವಯಂಸೇವಕನ ಉತ್ತರ ಮೂರು ದಿನಕ್ಕೆ ಬಂತು. ಆಕೆಯ ಪ್ರಾಮಾಣಿಕತೆಗೆ ವಂದನೆ. ಆದರೆ ವ್ಯಕ್ತಿಯ ಸ್ವಂತ ನೆನಪು, ಪ್ರಕಟವಾಗದ ಟಿಪ್ಪಣಿ ಪುಸ್ತಕ, ಇವುಗಳನ್ನು ವಿಶ್ವಕೋಶ ಆಧಾರವಾಗಿ ಸ್ವೀಕರಿಸಲಾರದು. ಪ್ರಕಟಿತ ಆಕರ ತಂದರೆ ಪರಿಶೀಲಿಸಬಹುದು.

ಆತ ನಿಯಮದಂತೆಯೇ ನಡೆದ. ಆತನನ್ನು ನಾನು ದೂರುವುದಿಲ್ಲ. ಆಕೆ ಬರೆದ ಸುಳ್ಳು ಅಚ್ಚಾಗಿತ್ತು, ಆದ್ದರಿಂದ ಅದು ಆಧಾರ. ಆಕೆ ಹೇಳಿದ ನಿಜ ಅಚ್ಚಾಗಿರಲಿಲ್ಲ.

ಹಾಗಾದರೆ ಅಚ್ಚು ಮಾಡಿಸೋಣ ಎಂದು ಶಾಲನಬಾಯಿ ಗಡಹಿಂಗ್ಲಜಕ್ಕೆ ಹೋಗಿ ಸ್ನೇಹಲಳ ಸೇವಾಕೇಂದ್ರದಲ್ಲಿ ಕುಳಿತರು. ಅವಳು ಮೊದಲು ಮುಖ ಕೊಡಲಿಲ್ಲ. ಎದುರಿನ ಜನರ ಸಾಲು ಕರಗಿದ ಮೇಲೆ ಹೇಳಿದಳು:

“ಮ್ಯಾಡಮ್, ‘ಪ್ರಕಟಿತ ಆಧಾರವಿಲ್ಲ’ ಅಂತ ನೀವ ಬರದಿದ್ರಿ. ಆಗ ಆಧಾರ ನಿಮ್ಮ ಚೀಲದಾಗ ಇತ್ತು.”

“ಇತ್ತು,” ಎಂದರು ಶಾಲನಬಾಯಿ. “ಅದಕ್ಕ ಬಂದೇನಿ.”

ಇವರಿಬ್ಬರೂ ಅಲ್ಲಿ ಮಾಡಿದ ತಪ್ಪು ನಮ್ಮ ಕಡೆಯ ಯಾರಾದರೂ ಮಾಡುವಂಥದು. ಹೆಸರು ಬದಲಾಯಿಸಬೇಕೆ? ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರೆ ಸಾಕು, ಆ ತುಂಡನ್ನು ಕಚೇರಿ ಕಚೇರಿಯಲ್ಲಿ ಒಪ್ಪುತ್ತಾರೆ. ವಾರಸುದಾರರು ಯಾರು? ಪತ್ರಿಕೆಯಲ್ಲಿ ನೋಟೀಸು ಹಾಕಿಸು. ಸ್ನೇಹಲ ದಿನಕ್ಕೆ ಹತ್ತು ಅಂಥ ತುಂಡುಗಳನ್ನು ಅರ್ಜಿಗಳಿಗೆ ಅಂಟಿಸುವವಳು. “ಪೇಪರದಾಗ ಬಂದ್ರ ಸರಕಾರನ ಒಪ್ಪತೈತಿ, ಇವರು ಒಪ್ಪೂದಿಲ್ಲೇನ್ರಿ?” ಎಂದಳು. ಶಾಲನಬಾಯಿಗೂ ಹಾಗೆಯೇ ಅನ್ನಿಸಿತು.

ನಮ್ಮಲ್ಲಿ ಸತ್ತವರ ದಿನದಂದು ಮನೆಯವರು ಪತ್ರಿಕೆಯಲ್ಲಿ ಪುಣ್ಯಸ್ಮರಣೆ ಹಾಕಿಸುತ್ತಾರೆ: ಭಾವಚಿತ್ರ, ತಿಥಿ, ಕೆಳಗೆ ಶೋಕಾಕುಲರ ಹೆಸರು. ದತ್ತಾನ ಚುನಾವಣೆ ಗುರುತಿನ ಚೀಟಿಯ ಚಿತ್ರವನ್ನು ದೊಡ್ಡದು ಮಾಡಿಸಿ, ಗಡಹಿಂಗ್ಲಜದ ಒಂದು ವಾರಪತ್ರಿಕೆಯಲ್ಲಿ ಅವನ ಪುಣ್ಯಸ್ಮರಣೆ ಹಾಕಿಸಿದರು. ತಿಥಿ ಆಷಾಢದ್ದು, ಅಚ್ಚಾದದ್ದು ಕಾರ್ತಿಕದಲ್ಲಿ. ಕಾಯುವ ತಾಳ್ಮೆ ಯಾರಿಗೂ ಇರಲಿಲ್ಲ. ಕಾರ್ಖಾನೆಯ ಹೆಸರು, ಭಟ್ಟಿ, ಹಸಿ ನೆಲ, ಮೂರನೆಯವನು ಎಂಬ ಮಾತು, ಎಲ್ಲವೂ ಅದರಲ್ಲಿತ್ತು. ಶೋಕಾಕುಲರು: ಹಣಮವ್ವ, ಸ್ನೇಹಲ, ಶಾಲನ ಪದ್ಮಕುಮಾರ ಖೋತ.

ಆ ತುಂಡನ್ನು ವಿನಂತಿಗೆ ಜೋಡಿಸಿದರು. ಸ್ವಯಂಸೇವಕ ಎರಡೇ ಸಾಲು ಬರೆದ. ಸಂಬಂಧಪಟ್ಟವರೇ ಹಣ ಕೊಟ್ಟು ಹಾಕಿಸಿದ ಪ್ರಕಟಣೆ ಸ್ವತಂತ್ರ ಆಕರವಲ್ಲ. ವಿನಂತಿ ನಿರಾಕರಿಸಲಾಗಿದೆ, ವಂದನೆಗಳು.

ಅದೇ ವಾರ ಯಾರೋ ಆ ತುಂಡನ್ನು ಅತುಲರ ಮೊಬೈಲಿಗೆ ಕಳಿಸಿದರು.

“ಕಾಕು, ಹೇ ಕಾಯ, ಏನಿದು? ನೀವ ಯಾರ ಪಗಾರ ತಿಂತೀರಿ?”

“ನಿಮ್ಮದ. ಅದನ್ನೂ ಆ ಪುಟದಾಗ ಬರದೇನಿ.”

“ನಮ್ಮ ಪಪ್ಪಾ ನಿಮ್ಮನ್ನ ಮನಿ ಮಗಳಂಗ ನೋಡಿದ್ರು.”

“ಹೌದು. ಮನಿ ಮಗಳ ಕಡೆ ಬರಸಿದಂಗ ಬರಸಿದ್ರು. ಎದುರ ನಿಂತು ಕೇಳಾಕಿ ಅಲ್ಲ ಅಂತ ಅವರಿಗಿ ಗೊತ್ತಿತ್ತು.”

“ಪರದೇಶದ ಮಂದಿ ಮುಂದಿನ ತಿಂಗಳ ಬರಾಕತ್ತಾರ. ಕಾರಖಾನೆ ನಿಂತ್ರ ನಾಕನೂರ ಮನಿ ನಿಂತಾವು. ಸತ್ತಾಂವನ ಸಲುವಾಗಿ ಇದ್ದವರನ್ನ ಕೊಲ್ಲೂದು ಯಾ ಧರ್ಮ ಕಾಕು?”

ಈ ಮಾತನ್ನು ಆಕೆ ಒಂದಕ್ಷರ ಬಿಡದೆ ನನಗೆ ಹೇಳಿದರು. ಮೂವತ್ತೊಂದು ವರ್ಷದ ನೌಕರಿ ಅಂದು ಮಧ್ಯಾಹ್ನಕ್ಕೆ ಮುಗಿಯಿತು. ಬೆಳಕಿರುವಾಗಲೇ ಮನೆಗೆ ಬಂದು ಡಬ್ಬಿಯನ್ನು ಹಾಗೆಯೇ ತೊಳೆಯಲಿಟ್ಟರು.

ನಿಜವಾದ ಪೆಟ್ಟು ಬಿದ್ದದ್ದು ಮುಂದಿನ ಫಾಲ್ಗುಣದಲ್ಲಿ. ಅತುಲ ಮುಂಬೈಯ ಹೊಸ ಪ್ರತಿನಿಧಿಯೊಬ್ಬನನ್ನು ನೇಮಿಸಿದ್ದರು. ಇವನು ಪುಣೆಯವರಂತೆ ಕಳ್ಳನಲ್ಲ, ನಿಯಮ ಬಲ್ಲವನು. ತಾನು ಸಂಬಳದವನೆಂದು ಮೊದಲೇ ಹೇಳಿಕೊಂಡು ಅಚ್ಚುಕಟ್ಟಾದ ವಿನಂತಿ ಇಟ್ಟ: ಅವಘಡದ ಸಾಲಿಗಿರುವುದು ಒಂದೇ ಆಧಾರ. ಆ ವರದಿ ಕಾರ್ಖಾನೆಯ ಟಿಪ್ಪಣಿಯ ಪ್ರತಿ ಎಂದು ಅದನ್ನು ಬರೆದ ಶ್ರೀಮತಿ ಖೋತ ಅವರೇ ಇಲ್ಲಿ ಒಪ್ಪಿದ್ದಾರೆ. ಅದರ ಸಂಖ್ಯೆ ಸುಳ್ಳೆಂದೂ ಅವರೇ ಹೇಳಿದ್ದಾರೆ. ಸ್ವತಂತ್ರವಲ್ಲದ, ಬರೆದವರೇ ಸುಳ್ಳೆಂದ ಆಧಾರದ ಮೇಲೆ ನಿಂತ ಸಾಲು ವಿಶ್ವಕೋಶದಲ್ಲಿ ಇರಬಾರದು.

ಸ್ವಯಂಸೇವಕ ಎರಡು ವಾರ ಯೋಚಿಸಿದ. ಬೇರೆ ಪತ್ರಿಕೆಗಳಲ್ಲಿ ಹುಡುಕಿದೆ, ಸಿಗಲಿಲ್ಲ ಎಂದು ಬರೆದ. ಆಮೇಲೆ ಸಾಲನ್ನು ತೆಗೆದ.

ಸ್ನೇಹಲ ಫೋನು ಮಾಡಿದಳು. ಆ ಹೊತ್ತಿಗೆ ಅವಳು ಮ್ಯಾಡಮ್ ಎನ್ನುವುದನ್ನು ಬಿಟ್ಟು ಮಾವಶಿ, ಅಂದರೆ ತಾಯಿಯ ತಂಗಿ, ಎನ್ನತೊಡಗಿದ್ದಳು. “ಮಾವಶಿ, ಪೂರಾ ಸಾಲನ ತಗದಾರ್ರಿ. ಈಗ ಇಬ್ಬರೂ ಇಲ್ಲ.”

ಪದ್ಮಕುಮಾರರಿಗೆ ಹೆಂಡತಿ ಇದನ್ನು ಹಾಳೆಯ ಮೇಲೆ ಬರೆದು ತೋರಿಸಬೇಕಾಯಿತು. ಓದಿ ಅವರು ಹಾಳೆಯನ್ನು ಮಡಚಿಟ್ಟರು. “ತಪ್ಪಿದ ಎಳಿ ಹುಡುಕಿ ಗಂಟ ಹಾಕಾಕ ಹ್ವಾದಿ,” ಎಂದರು, ಆ ದಿನ ಮಾತ್ರ ಮೆಲ್ಲನೆಯ ದನಿಯಲ್ಲಿ, “ಅರಿವೀ ಥಾನನ ಹರಕೊಂಡ ಬಂತಲ್ಲ.”

ಸತ್ತ ಇನ್ನಿಬ್ಬರ ಮನೆಯವರಿಗೆ ತಾನೇ ಹೋಗಿ ತಿಳಿಸಬೇಕೆಂದು ಶಾಲನಬಾಯಿ ಹಟ ಹಿಡಿದರು. ಕಾಗಲದಲ್ಲಿದ್ದ ಒಬ್ಬ ವಿಧವೆ ಎಲ್ಲವನ್ನೂ ಕೇಳಿ ಅಂದರು: “ಅಲ್ಲೆ ಇತ್ತು ಅನ್ನೂದ ನಮಗ ಗೊತ್ತಿರಲಿಲ್ರಿ. ಹೋತು ಅಂತ ಹೇಳಾಕ ಬಂದೀರೇನು?” ಇನ್ನೊಂದು ಮನೆಯವರು ಊರು ಬಿಟ್ಟಿದ್ದರು.

ಕೊನೆಗೆ ಸುಳಕೂಡ. ಹಣಮವ್ವನಿಗೆ ಓದಲು ಬಾರದು. ಆದರೂ ಪುಣ್ಯಸ್ಮರಣೆಯ ತುಂಡನ್ನು ಕಟ್ಟು ಹಾಕಿಸಿ ಬಾಗಿಲ ಎದುರಿನ ಗೋಡೆಗೆ ತೂಗಿದ್ದರು.

“ಮಂದಿ ಓದ್ಯಾರೇನ್ರಿ ಇದನ್ನ?” ಎಂದು ಶಾಲನಬಾಯಿ ಕೇಳಿದರು.

“ಓದ್ಯಾರ, ಓದ್ಯಾರ. ಕುಡುಕನ ಅವ್ವ ಅನ್ನೂದ ಬಿಟ್ಟಾರ. ರೊಕ್ಕಾ ಕೊಟ್ಟ ಹಾಕಿಸ್ಯಾಳ ಅಂತಾರ ಈಗ.”

ಶಾಲನಬಾಯಿ ತಲೆ ತಗ್ಗಿಸಿದರು. ಊರು ಗೊತ್ತಿಲ್ಲದ ಸ್ವಯಂಸೇವಕನೂ ಸುಳಕೂಡದ ಕಟ್ಟೆಯೂ ಒಂದೇ ತೀರ್ಪು ಕೊಟ್ಟಿದ್ದವು. ಹಣಮವ್ವ ಒಳಗೆ ಹೋಗಿ ಚಹಾ ತಂದಿಟ್ಟರು. “ಕುಡಿ. ಕ್ಷಮಾ ಗಿಮಾ ನನಗ ತಿಳಿಯೂದಿಲ್ಲ. ನೀ ಏನ ಮಾಡೀದಿ ಅಂತ ಹೇಳಿದಾಕಿ ನೀ ಒಬ್ಬಾಕೀನ. ಮತ್ತ ಬಾ.”

ಆಕೆ ಮತ್ತೆ ಮತ್ತೆ ಹೋದರು. ಆದರೆ ಕೊನೆಯ ವಿನಂತಿ ಇನ್ನೂ ಉಳಿದಿತ್ತು. ೨೦೨೪ರ ದಶಲಕ್ಷಣದ ಬಳಿಕ ಶಾಲನಬಾಯಿ ವಿಶ್ವಕೋಶದ ಆ ಪುಟಕ್ಕೆ ಇನ್ನೊಮ್ಮೆ ಬರೆದರು. ಈ ಸಲ ಮೂವರು ಎಂದು ಕೇಳಲಿಲ್ಲ. ‘ತೆಗೆದ ಸಾಲನ್ನು ಮೊದಲಿದ್ದಂತೆ ಮರಳಿ ಹಾಕಿರಿ. ಇಬ್ಬರು ಎಂದೇ ಇರಲಿ. ನಾನು ಯಾರ ಪಗಾರವನ್ನೂ ತೆಗೆದುಕೊಳ್ಳುತ್ತಿಲ್ಲ.’ ಯಾವ ಸುಳ್ಳನ್ನು ತಿದ್ದಲು ನೌಕರಿ, ನಿದ್ದೆ, ಮಾನ ಎಲ್ಲವನ್ನೂ ಕೊಟ್ಟಿದ್ದರೋ, ಅದೇ ಸುಳ್ಳನ್ನು ಮರಳಿ ಕೊಡಿ ಎಂದು ಕೈಯಾರೆ ಬೇಡಿದರು. ಅದನ್ನು ಟೈಪು ಮಾಡುವಾಗ ನಾನು ಪಕ್ಕದಲ್ಲಿದ್ದೆ. ಆಕೆ ಎರಡು ಸಲ ಓದಿ, ಒಂದು ಅಲ್ಪವಿರಾಮವನ್ನು ಸರಿಪಡಿಸಿ ಕಳುಹಿಸಿದರು.

ಆ ಕಾರ್ತಿಕದಲ್ಲಿ ಎರಡು ದಿನ ಜ್ವರ ಬಂತು, ಮೂರನೆಯ ದಿನ ಉಸಿರು ಕಟ್ಟಿತು. ವೃಷಾಲಿ ತನ್ನ ಆಸ್ಪತ್ರೆಗೇ ಸೇರಿಸಿದಳು. ಐದನೆಯ ದಿನ ಮುಂಜಾನೆ ಶಾಲನಬಾಯಿ ತೀರಿಕೊಂಡರು. ಕಾರ್ಖಾನೆ ಕೊಲ್ಹಾಪುರದ ಪತ್ರಿಕೆಯಲ್ಲಿ ಕಾಲು ಪುಟದ ಶ್ರದ್ಧಾಂಜಲಿ ಹಾಕಿಸಿತು: ಮೂವತ್ತೊಂದು ವರ್ಷ ನಿಷ್ಠೆಯಿಂದ ಸೇವೆ ಸಲ್ಲಿಸಿದ ನಮ್ಮ ಪರಿವಾರದ ಸದಸ್ಯೆ. ಅತುಲರು ಕಳಿಸಿದ ಹೂವಿನ ಚಕ್ರವನ್ನು ಪದ್ಮಕುಮಾರರು ಓಣಿಯ ಎಮ್ಮೆಯ ಮುಂದೆ ಇಟ್ಟರು. ಎಮ್ಮೆ ಹೂವು ತಿಂದು ಬಿದಿರು ಬಿಟ್ಟಿತು.

ಶಾಲನ ಪದ್ಮಕುಮಾರ ಖೋತ ಬಿಟ್ಟುಹೋದವು ಇವು:

ನಾಲ್ಕು ಹತ್ತಿ ಸೀರೆ, ಒಂದು ಕನ್ನಡಕ, ಎರಡು ಖಾನೆಯ ಊಟದ ಡಬ್ಬಿ.

ಸಮಾಜ ಮಂದಿರದಲ್ಲಿ ಮೂರು ಹಳೆಯ ಟೈಪಿಂಗ್ ಯಂತ್ರ. ಒಂದರಲ್ಲಿ ಅಂಕಿಗಳ ಸಾಲು ಸಿಕ್ಕಿಕೊಳ್ಳುತ್ತದೆ.

ಓದು ಬರಹ ಕಲಿತ ನೂರ ಹದಿನೇಳು ಹೆಂಗಸರು.

ಕಿವಿ ಕೇಳದ ಗಂಡನ ಸಲುವಾಗಿ ಬರೆದ ಚೀಟಿಗಳ ಒಂದು ಗೋಣಿಚೀಲ. ಅವರು ಒಂದನ್ನೂ ಎಸೆದಿಲ್ಲ.

೨೦೧೧ರ ಶೀಘ್ರಲಿಪಿ ಪುಸ್ತಕ. ನಲವತ್ತೊಂದನೆಯ ಹಾಳೆಯಲ್ಲಿ ೩ ಎಂಬ ಅಂಕಿ, ಅದರ ಮೇಲೊಂದು ಗೆರೆ, ಪಕ್ಕದಲ್ಲಿ ೨. ಅದು ಈಗ ಗಡಹಿಂಗ್ಲಜದಲ್ಲಿ ಸ್ನೇಹಲಳ ಬಳಿ ಇದೆ.

ಸುಳಕೂಡದ ಒಂದು ಗೋಡೆಯ ಮೇಲೆ, ಶೋಕಾಕುಲರ ಪಟ್ಟಿಯಲ್ಲಿ, ಮೂರನೆಯ ಹೆಸರು.

ವಿಶ್ವಕೋಶದ ಚರ್ಚೆಯ ಪುಟದಲ್ಲಿ, ಇತರ ವಿನಂತಿಗಳ ಸಾಲಿನಲ್ಲಿ, ಇನ್ನೂ ಯಾರೂ ಉತ್ತರಿಸದ ಒಂದು ವಿನಂತಿ.